ಹಡಗಿನ ರಿಪೇರಿ ಮತ್ತು ಕಾಂಗರೂ

‘ಕಾಂಗರೂ’ ಎಂದರೆ ‘ನನಗೆ ಗೊತ್ತಿಲ್ಲ’ ಎಂದು ಅರ್ಥವಂತೆ! ಬಿಳಿಯರು ಪ್ರಾಣಿಯ ಹೆಸರು ಕೇಳಿದರಂತೆ, ಪ್ರಶ್ನೆಯೇ ತಿಳಿಯದ ಮೂಲನಿವಾಸಿ ಹಾಗೆಂದನಂತೆ. ಈ ಕಥೆಯನ್ನು ನೀವೂ ಕೇಳಿರಬಹುದು. ಸ್ವಾರಸ್ಯವಾಗಿದೆ, ಆದರೆ ನಿಜವಲ್ಲ.

1770ರ ಜೂನ್ 11ರ ರಾತ್ರಿ ಜೇಮ್ಸ್ ಕುಕ್‌ನ ಹಾಯಿಹಡಗು ‘ಎಂಡೆವರ್’ ಆಸ್ಟ್ರೇಲಿಯದ ಈಶಾನ್ಯ ಕರಾವಳಿಯ ಹವಳದ ದಿಬ್ಬಕ್ಕೆ ಬಡಿಯಿತು. ಫಿರಂಗಿಗಳನ್ನೂ ಸಮುದ್ರಕ್ಕೆಸೆದು ಭಾರ ಇಳಿಸಿದರು. ನದಿಯೊಂದರ ದಡಕ್ಕೆ ಹಡಗನ್ನು ಎಳೆದು ನೋಡಿದರೆ, ತಳದ ತೂತಿಗೆ ಹವಳದ ತುಂಡೊಂದು ಬಿರಡೆಯಂತೆ ಸಿಕ್ಕಿಕೊಂಡಿತ್ತು. ಒಡೆದದ್ದೂ ಹವಳ, ಉಳಿಸಿದ್ದೂ ಹವಳ!

ರಿಪೇರಿ ಮುಗಿಸಿ ಹೊರಡಲು ಸುಮಾರು ಏಳು ವಾರ ಹಿಡಿಯಿತು. ಬಡಗಿಗಳಿಗೆ ಕೈತುಂಬ ಕೆಲಸ, ಉಳಿದವರಿಗೆ ಸುತ್ತಾಟ. ಸಸ್ಯವಿಜ್ಞಾನಿಗಳಾದ ಜೋಸೆಫ್ ಬ್ಯಾಂಕ್ಸ್ ಮತ್ತು ಡೇನಿಯಲ್ ಸೋಲಾಂಡರ್ ಗಿಡಬಳ್ಳಿಗಳನ್ನು ಕಲೆಹಾಕಿದರು. ಕುಕ್ ಗುಡ್ಡ ಹತ್ತಿ, ದಿಬ್ಬಗಳ ನಡುವೆ ಹೊರದಾರಿ ಹುಡುಕಿದ. ಜುಲೈನಲ್ಲಿ ಆ ನೆಲದ ಗೂಗು ಯಿಮಿಥಿರ್ ಜನರ ಪರಿಚಯವಾಯಿತು. ಅವರಾಡಿದ ಪದಗಳನ್ನು ಬರೆದುಕೊಂಡರು. ಅವುಗಳಲ್ಲಿ ಒಂದು ‘ಕಾಂಗರೂ’.

1820ರಲ್ಲಿ ಅದೇ ದಡಕ್ಕೆ ಬಂದ ಫಿಲಿಪ್ ಪಾರ್ಕರ್ ಕಿಂಗ್‌ಗೆ ಆ ಪ್ರಾಣಿಯ ಹೆಸರಾಗಿ ಬೇರೆಯೇ ಪದ ಕೇಳಿಸಿತು. ಕುಕ್ ಎಡವಿದ ಎಂಬ ಗುಮಾನಿಗೆ ಅಷ್ಟು ಸಾಕಾಯಿತು. 1970ರ ದಶಕದಲ್ಲಿ ಭಾಷಾವಿಜ್ಞಾನಿ ಜಾನ್ ಹ್ಯಾವಿಲೆಂಡ್ ಆ ಭಾಷೆಯನ್ನು ಅಭ್ಯಾಸ ಮಾಡಿದಾಗ ಗಂಟು ಬಿಚ್ಚಿತು. ‘ಗಂಗುರು’ ಎಂಬುದು ದೊಡ್ಡ ಕಾಂಗರೂಗಳ ಒಂದು ಜಾತಿಗೆ ಇರುವ ಹೆಸರು. ಕಿಂಗ್‌ಗೆ ಕೇಳಿಸಿದ್ದು ಬಹುಶಃ ‘ಮಿನ್ಹ’, ಅಂದರೆ ತಿನ್ನಲು ಬರುವ ಪ್ರಾಣಿ. ಜಾತಿಗೊಂದು ಹೆಸರಿಟ್ಟು ಗುರುತಿಸುತ್ತಿದ್ದ ಜನರನ್ನು, ‘ಗೊತ್ತಿಲ್ಲ’ ಎಂದವರೆಂದು ಲೋಕ ನಗುತ್ತ ಬಂದದ್ದು ವಿಪರ್ಯಾಸವೇ ಸರಿ.

ಪದ ಸಿಕ್ಕಿತು, ಆದರೆ ರೀತಿನೀತಿ ತಿಳಿಯಲಿಲ್ಲ. ಜುಲೈ 19ರಂದು ಹಡಗಿಗೆ ಬಂದ ಸ್ಥಳೀಯರು, ಅಲ್ಲಿ ಹಿಡಿದಿಟ್ಟಿದ್ದ ಕಡಲಾಮೆಗಳಲ್ಲಿ ಒಂದನ್ನು ಕೇಳಿದರು. ಅವರದೇ ಕಡಲಿನ ಆಮೆ! ನಾವಿಕರು ಕೊಡಲಿಲ್ಲ. ಸಿಟ್ಟಿಗೆದ್ದವರು ದಡಕ್ಕಿಳಿದು ಬಿಡಾರದ ಸುತ್ತಲ ಒಣಹುಲ್ಲಿಗೆ ಬೆಂಕಿ ಹಚ್ಚಿದರು. ಕುಕ್ ಗುಂಡು ಹಾರಿಸಿದ, ಒಬ್ಬನಿಗೆ ಗಾಯವಾಯಿತು. ಕೊನೆಗೆ ಮೊನೆಯಿಲ್ಲದ ಭರ್ಜಿ ಹಿಡಿದ ಮುದುಕನೊಬ್ಬ ಮುಂದೆ ಬಂದ. ಸಂಧಾನವಾಯಿತು. ಕಿತ್ತುಕೊಂಡಿದ್ದ ಭರ್ಜಿಗಳನ್ನು ಕುಕ್ ಹಿಂದಿರುಗಿಸಿದ.

ಆಗಸ್ಟ್ 4ರಂದು ಹಡಗು ಹೊರಟಿತು. ನದಿಗೆ ಕುಕ್ ತನ್ನ ಹಡಗಿನ ಹೆಸರನ್ನೇ ಇಟ್ಟ. ಅಲ್ಲಿನವರ ಬಾಯಲ್ಲಿ ಅದಕ್ಕೆ ಮೊದಲೇ ಒಂದು ಹೆಸರಿತ್ತು: ವಾಲುಂಬಾಲ್ ಬಿರ್ರಿ.