ಚಮಚದ ಬೆನ್ನ ಮೇಲೊಂದು ಸಿಂಹ

ಮಕ್ಕಳೇ, ಲಂಡನ್ನಿನಲ್ಲಿ 1780ರ ದಶಕದಲ್ಲಿ ತಯಾರಾದ ಒಂದು ಬೆಳ್ಳಿ ಚಮಚ ನಿಮ್ಮ ಕೈಗೆ ಬಂತು ಎಂದುಕೊಳ್ಳಿ. ಅದರ ಬೆಲೆ ಹೇಳಿ ಎಂದರೆ ಏನು ಮಾಡುತ್ತೀರಿ? ತಕ್ಕಡಿಗೆ ಹಾಕಿ, ಬಂದ ತೂಕವನ್ನು ಇವತ್ತಿನ ಬೆಳ್ಳಿ ದರದಿಂದ ಗುಣಿಸುತ್ತೀರಿ ಅಲ್ಲವೇ? ಲೆಕ್ಕ ಸರಿಯೇ. ಆದರೆ ಅದು ಚಮಚವನ್ನು ಕರಗಿಸಿಬಿಟ್ಟರೆ ಸಿಗುವ ಬೆಲೆ. ಚಮಚದ್ದೇ ಬೆಲೆ ಬೇಕಾದರೆ ಅದನ್ನು ಮಗುಚಿ ಹಿಡಿದು, ಹಿಡಿಯ ಹಿಂಬದಿಯನ್ನು ಭೂತಗನ್ನಡಿಯಲ್ಲಿ ನೋಡಬೇಕು.

ಅಲ್ಲಿ ಸಾಲಾಗಿ ಪುಟ್ಟ ಪುಟ್ಟ ಮುದ್ರೆಗಳಿರುತ್ತವೆ. ಮುಂಗಾಲೆತ್ತಿ ನಡೆಯುತ್ತಿರುವ ಒಂದು ಸಿಂಹ. ಕಿರೀಟ ತೊಟ್ಟ ಚಿರತೆಯ ತಲೆ. ಒಂದು ಅಕ್ಷರ. ರಾಜನ ಮುಖ. ಪಕ್ಕದಲ್ಲಿ ಮಾಡಿದವರ ಹೆಸರಿನ ಮೊದಲಕ್ಷರಗಳು. ಒಂದೊಂದೂ ಜೋಳದ ಕಾಳಿಗಿಂತ ದೊಡ್ಡದಿರುವುದಿಲ್ಲ. ಆದರೂ ಚಮಚದ ಜಾತಕ ಪೂರ್ತಿ ಅಲ್ಲೇ ಇದೆ.

ಸಿಂಹದಿಂದ ಶುರುಮಾಡೋಣ. ಇಂಗ್ಲೆಂಡಿನಲ್ಲಿ ಅದು 1544ರಿಂದ ಬಳಕೆಯಲ್ಲಿದೆ. ಈ ಬೆಳ್ಳಿಯ 1000 ಪಾಲಿನಲ್ಲಿ 925 ಪಾಲು ಶುದ್ಧ ಬೆಳ್ಳಿ ಎಂಬುದಕ್ಕೆ ಅದೇ ಸಾಕ್ಷಿ. ಉಳಿದ 75 ಪಾಲು ಹೆಚ್ಚಾಗಿ ತಾಮ್ರ. ಇದು ಮೋಸವಲ್ಲ. ಶುದ್ಧ ಬೆಳ್ಳಿ ತುಂಬ ಮೆತ್ತಗೆ, ಅದರಲ್ಲೇ ಚಮಚ ಮಾಡಿದರೆ ಬೇಗ ಬಾಗುತ್ತದೆ. ಬೆಳ್ಳಿಯ ಪರಮಾಣುಗಳು ಸಾಲುಸಾಲಾಗಿ ಜೋಡಿಸಿಕೊಂಡಿರುತ್ತವೆ. ಒತ್ತಿದರೆ ಒಂದು ಸಾಲು ಇನ್ನೊಂದರ ಮೇಲೆ ಸುಲಭವಾಗಿ ಜಾರುತ್ತದೆ. ಗಾತ್ರದಲ್ಲಿ ಚಿಕ್ಕದಾದ ತಾಮ್ರದ ಪರಮಾಣುಗಳು ನಡುನಡುವೆ ಸೇರಿಕೊಂಡರೆ ಆ ಜಾರುವಿಕೆಗೆ ತಡೆ ಬೀಳುತ್ತದೆ, ಲೋಹ ಗಟ್ಟಿಯಾಗುತ್ತದೆ.

925 ಪಾಲು ಇದೆಯೆಂದು ಆಗಿನ ಕಾಲದಲ್ಲಿ ಹೇಗೆ ಕಂಡುಹಿಡಿಯುತ್ತಿದ್ದರು? ನನಗೆ ತುಂಬ ಇಷ್ಟವಾದ ಭಾಗ ಇದೇ. ಪರೀಕ್ಷಕರು ಪಾತ್ರೆಯ ಮೈಯಿಂದ ಒಂದಿಷ್ಟು ಬೆಳ್ಳಿ ಕೆರೆದು, ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ಸೀಸದ ತೆಳು ಹಾಳೆಯಲ್ಲಿ ಸುತ್ತುತ್ತಿದ್ದರು. ಆಮೇಲೆ ಮೂಳೆ ಸುಟ್ಟ ಬೂದಿಯಿಂದ ಮಾಡಿದ ಪುಟಾಣಿ ಬಟ್ಟಲಲ್ಲಿಟ್ಟು ಕುಲುಮೆಗೆ ಹಾಕುತ್ತಿದ್ದರು. ಆ ಕಾವಿಗೆ ಸೀಸ ಕರಗಿ, ಗಾಳಿಯ ಆಮ್ಲಜನಕದೊಡನೆ ಸೇರಿ ಆಕ್ಸೈಡ್ ಆಗುತ್ತದೆ. ತಾಮ್ರವನ್ನೂ ತನ್ನ ಜೊತೆಗೆ ಎಳೆದುಕೊಳ್ಳುತ್ತದೆ. ಬೂದಿಯ ಬಟ್ಟಲು ಅದನ್ನೆಲ್ಲ ಹೀರಿಕೊಂಡುಬಿಡುತ್ತದೆ. ಬೆಳ್ಳಿ ಮಾತ್ರ ಆಮ್ಲಜನಕಕ್ಕೆ ಮಣಿಯದೆ, ಹೊಳೆಯುವ ಪುಟ್ಟ ಗುಂಡಾಗಿ ತಳದಲ್ಲಿ ಉಳಿಯುತ್ತದೆ. ಆ ಗುಂಡನ್ನು ಮತ್ತೆ ತೂಗಿದರೆ ಶುದ್ಧ ಬೆಳ್ಳಿ ಎಷ್ಟಿತ್ತೆಂದು ತಿಳಿಯಿತು! ಸೀಸದ ಹೊಗೆ ವಿಷ. ಆದ್ದರಿಂದ ಇದು ಓದಿ ತಿಳಿಯುವ ಪ್ರಯೋಗ, ಮನೆಯಲ್ಲಿ ಮಾಡುವಂಥದ್ದಲ್ಲ.

ಪರೀಕ್ಷೆಯಲ್ಲಿ ಪಾಸಾದ ಪಾತ್ರೆಗೆ ಮಾತ್ರ ಸಿಂಹದ ಮುದ್ರೆ. ನಮ್ಮ ಚಿನ್ನದಂಗಡಿಗಳಲ್ಲಿ ಈಗ ಕಾಣುವ ಬಿಐಎಸ್ ಹಾಲ್‌ಮಾರ್ಕ್ ಕೂಡ ಇದೇ ಕೆಲಸ ಮಾಡುತ್ತದೆ.

ಚಿರತೆಯ ತಲೆ ಲಂಡನ್ನಿನ ಗುರುತು. ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್. ಹಳೆಯ ಬೆಳ್ಳಿಯಲ್ಲಿ ಬರೀ ಕಿರೀಟವಿದ್ದರೆ ಶೆಫೀಲ್ಡ್. ಈ ಎರಡು ಊರುಗಳಲ್ಲಿ ಪರೀಕ್ಷೆಯ ಕಚೇರಿ ತೆರೆದದ್ದು 1773ರಲ್ಲಿ. ಪಕ್ಕದ ಅಕ್ಷರ ವರ್ಷವನ್ನು ಹೇಳುತ್ತದೆ. ಪ್ರತಿ ವರ್ಷಕ್ಕೂ ಒಂದು ಅಕ್ಷರ. ಒಂದು ಸುತ್ತು ಮುಗಿದರೆ ಅಕ್ಷರದ ಬರವಣಿಗೆಯನ್ನೋ ಸುತ್ತಲಿನ ಚೌಕಟ್ಟನ್ನೋ ಬದಲಿಸಿ ಮತ್ತೆ ಶುರು. ರಾಜನ ಮುಖವಿದ್ದರೆ ತೆರಿಗೆ ಕಟ್ಟಿದೆ ಎಂದರ್ಥ. ಆ ಮುದ್ರೆ 1784ರಿಂದ 1890ರವರೆಗೆ ಮಾತ್ರ ಇತ್ತು.

ಇನ್ನು ಕೊನೆಯ ಅಕ್ಷರಗಳು. ಅಲ್ಲಿ ಕೂಡುಬರಹದ ‘ಎಚ್‌ಬಿ’ ಕಂಡರೆ ಹಳೆ ಬೆಳ್ಳಿ ಬಲ್ಲವರ ಕಣ್ಣರಳುತ್ತದೆ. ಅದು ಹೆಸ್ಟರ್ ಬೇಟ್‌ಮನ್ ಅವರ ಗುರುತಿರಬಹುದು. ಗಂಡ ತೀರಿಕೊಂಡ ಮೇಲೆ ಕಾರ್ಖಾನೆಯ ಹೊಣೆ ಹೊತ್ತು, 1761ರಲ್ಲಿ ತಮ್ಮದೇ ಮುದ್ರೆ ನೋಂದಾಯಿಸಿದ ಹೆಂಗಸು ಆಕೆ. ಅದೇ ತೂಕದ, ಅದೇ ಶುದ್ಧತೆಯ ಬೇರೆ ಚಮಚಕ್ಕಿಂತ ಆಕೆಯ ಚಮಚಕ್ಕೆ ಹೆಚ್ಚು ಬೆಲೆ. ಆ ಹೆಚ್ಚಿನ ಹಣ ಲೋಹಕ್ಕಲ್ಲ, ಕೈಗೆಲಸಕ್ಕೆ. ಅದು ನ್ಯಾಯವೆಂದೇ ನನ್ನ ಎಣಿಕೆ.

ಮುದ್ರೆಯೇ ಇಲ್ಲದಿದ್ದರೆ? ಅಥವಾ ಮುದ್ರೆಯಂತೆ ತೋರುವ ಬರೀ ಅಲಂಕಾರವಿದ್ದರೆ? ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಕಂಪನಿ 1840ರಲ್ಲಿ ವಿದ್ಯುತ್ತಿನಿಂದ ಬೆಳ್ಳಿ ಲೇಪಿಸುವ ವಿಧಾನಕ್ಕೆ ಪೇಟೆಂಟ್ ಪಡೆಯಿತು. ಆಮೇಲೆ ಜರ್ಮನ್ ಸಿಲ್ವರ್ ಮೇಲೆ ತೆಳುವಾಗಿ ಬೆಳ್ಳಿ ಕೂರಿಸಿದ ಚಮಚಗಳು ರಾಶಿರಾಶಿಯಾಗಿ ಬಂದವು. ನಮ್ಮ ಅಂಗಡಿಗಳಲ್ಲೂ ಪೂಜೆ ಸಾಮಾನಿನ ಸಾಲಿನಲ್ಲಿರುವ ಜರ್ಮನ್ ಸಿಲ್ವರ್ ಗೊತ್ತಲ್ಲ? ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಅದರಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ.

ಬೆಳ್ಳಿಯೋ ಅಲ್ಲವೋ ಎಂದು ತಿಳಿಯಲು ಅಯಸ್ಕಾಂತ ಹಿಡಿದು ನೋಡಿದರೆ ಸಾಲದು. ಅದು ಬೆಳ್ಳಿಗೂ ಅಂಟುವುದಿಲ್ಲ, ತಾಮ್ರಕ್ಕೂ ಜರ್ಮನ್ ಸಿಲ್ವರಿಗೂ ಅಂಟುವುದಿಲ್ಲ. ಮೇಲೆ ಮಂಜುಗಡ್ಡೆ ಇಟ್ಟು ಬೇಗ ಕರಗುತ್ತದೆಯೇ ಎಂದು ನೋಡುವವರಿದ್ದಾರೆ. ಬೆಳ್ಳಿ ಶಾಖವನ್ನು ಚೆನ್ನಾಗಿ ಸಾಗಿಸುವುದು ನಿಜ, ಆದರೆ ತಾಮ್ರವೂ ಹೆಚ್ಚುಕಡಿಮೆ ಅಷ್ಟೇ ಚುರುಕು. ಬೆಳ್ಳಿ ಲೇಪದ ತಾಮ್ರ ಆ ಪರೀಕ್ಷೆಯನ್ನು ಸಲೀಸಾಗಿ ಗೆದ್ದುಬಿಡುತ್ತದೆ.

ನೀರು ಮಾತ್ರ ಒಳಗಿನ ಗುಟ್ಟು ಹೇಳುತ್ತದೆ. ದೊಡ್ಡವರನ್ನು ಜೊತೆಗಿಟ್ಟುಕೊಂಡು ಇದನ್ನು ಮಾಡಿ ನೋಡಬಹುದು. ಚಮಚವನ್ನು ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. 52 ಗ್ರಾಂ ಬಂತು ಎನ್ನೋಣ. ಈಗ ನೀರು ಹಾಕಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಚಮಚಕ್ಕೆ ದಾರ ಕಟ್ಟಿ, ತಳಕ್ಕಾಗಲಿ ಪಕ್ಕಕ್ಕಾಗಲಿ ತಾಗದಂತೆ, ಪೂರ್ತಿ ಮುಳುಗುವಂತೆ ತೂಗುಬಿಡಿ. ನೀರು ಚಮಚವನ್ನು ಮೇಲಕ್ಕೆ ತಳ್ಳುತ್ತದೆ, ಚಮಚ ಅಷ್ಟೇ ಬಲದಿಂದ ನೀರನ್ನು ಕೆಳಕ್ಕೆ ತಳ್ಳುತ್ತದೆ. ತಕ್ಕಡಿ ತೋರಿಸುವ ಅಂಕಿ ಚಮಚ ಸರಿಸಿದ ನೀರಿನ ತೂಕ. ಸಿಂಹದ ಮುದ್ರೆಗೆ ತಕ್ಕ ಬೆಳ್ಳಿಯಾದರೆ ಅದು 5 ಗ್ರಾಂ ಇರುತ್ತದೆ, ಜರ್ಮನ್ ಸಿಲ್ವರ್ ಆದರೆ ಸುಮಾರು 6. ಏಕೆಂದರೆ ಒಂದು ಘನ ಸೆಂಟಿಮೀಟರ್ ಬೆಳ್ಳಿ ಸುಮಾರು 10.4 ಗ್ರಾಂ ತೂಗಿದರೆ, ಜರ್ಮನ್ ಸಿಲ್ವರ್ ಸುಮಾರು 8.7 ಗ್ರಾಂ. ಒಂದೇ ಗ್ರಾಮಿನ ವ್ಯತ್ಯಾಸವಾದ್ದರಿಂದ ಗ್ರಾಮಿನ ಹತ್ತನೇ ಒಂದು ಭಾಗವನ್ನೂ ತೋರಿಸುವ ತಕ್ಕಡಿ ಬೇಕು. ಬೆಳ್ಳಿ ಹಿಡಿಯ ಊಟದ ಚಾಕುಗಳಿಗೆ ಈ ಪರೀಕ್ಷೆ ಬೇಡ. ಅವುಗಳ ಹಿಡಿ ಸಾಮಾನ್ಯವಾಗಿ ಟೊಳ್ಳು, ಒಳಗೆ ರಾಳದಂಥದ್ದು ತುಂಬಿರುತ್ತದೆ.

ಬೆಳ್ಳಿಯಲ್ಲ ಎಂದು ಗೊತ್ತಾದ ಕೂಡಲೇ ಬೆಲೆಯಿಲ್ಲ ಎಂದುಕೊಳ್ಳಬೇಡಿ. 1740ರ ದಶಕದಲ್ಲಿ ಶೆಫೀಲ್ಡಿನ ಚಾಕು ಕಸುಬಿನವ ಥಾಮಸ್ ಬೋಲ್ಸೋವರ್ ಬೆಳ್ಳಿ ತಗಡನ್ನೂ ತಾಮ್ರದ ಗಟ್ಟಿಯನ್ನೂ ಒತ್ತಿ ಕಾಯಿಸಿ ಒಂದು ಮಾಡುವ ದಾರಿ ಕಂಡುಕೊಂಡ. ಬೆಳ್ಳಿ ಕರಗುವುದು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತಾಮ್ರ 1085ರಲ್ಲಿ. ಆದರೆ ಎರಡೂ ಮುಟ್ಟಿಕೊಂಡ ಗಡಿಯಲ್ಲಿ ಅವು ಬೆರೆತು, ಸುಮಾರು 780 ಡಿಗ್ರಿಗೇ ಕರಗಿ ಬೆಸೆದುಕೊಳ್ಳುತ್ತವೆ. ಹೀಗೆ ಮಾಡಿದ ಹಳೆಯ ತಟ್ಟೆಗಳಲ್ಲಿ ಬೆಳ್ಳಿ ಸವೆದು ಅಂಚಿನಲ್ಲಿ ತಾಮ್ರದ ಕೆಂಪು ಇಣುಕುತ್ತದೆ. ಸಂಗ್ರಹಕಾರರಿಗೆ ಆ ಕೆಂಪೂ ಇಷ್ಟ. ಚೆಂದ ಕಾಣಲೆಂದು ಹೊಸದಾಗಿ ಬೆಳ್ಳಿ ಲೇಪಿಸಿದರೆ ಬೆಲೆ ಇಳಿಯುತ್ತದೆ.

ಅನುಭವಿ ವ್ಯಾಪಾರಿಗಳು ಪಾತ್ರೆಯ ಮೇಲೆ ಬಾಯಿಂದ ಹಾ ಎಂದು ಉಸಿರು ಬಿಡುವುದೂ ಉಂಟು. ತಣ್ಣನೆಯ ಲೋಹದ ಮೇಲೆ ತೇವದ ತೆಳು ಮಬ್ಬು ಕೂತಾಗ ಹೊಳಪು ಒಂದು ಕ್ಷಣ ಮರೆಯಾಗುತ್ತದೆ. ಆಗ ಹಳೆಯ ಬೆಸುಗೆಯ ಗೆರೆ, ಉಜ್ಜಿ ಅಳಿಸಿದ ಹೆಸರು, ಬೇರೆ ಪಾತ್ರೆಯಿಂದ ಕತ್ತರಿಸಿ ತಂದು ಕೂರಿಸಿದ ಮುದ್ರೆಯ ಅಂಚು ಕಾಣಿಸಿಕೊಳ್ಳಬಹುದು. ಇವು ಬೆಲೆ ಕಡಿಮೆ ಮಾಡುವ ಸಂಗತಿಗಳು.

ಕಪ್ಪಾಗಿರುವುದು ಮಾತ್ರ ದೋಷವಲ್ಲ. ಗಾಳಿಯಲ್ಲಿ ಚೂರುಪಾರು ಇರುವ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಯ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಎಂಬ ಕಪ್ಪು ಪೊರೆಯಾಗುತ್ತದೆ. ಮೊಟ್ಟೆಯಲ್ಲೂ ಗಂಧಕವಿದೆ, ಅದಕ್ಕೇ ಮೊಟ್ಟೆ ತಿನ್ನುವ ಬೆಳ್ಳಿ ಚಮಚದ ಬಾಯಿಗೆ ಚಿನ್ನದ ಲೇಪ ಹಾಕುತ್ತಿದ್ದರು. ಆ ಪೊರೆಯಲ್ಲಿರುವುದು ಚಮಚದ್ದೇ ಬೆಳ್ಳಿ. ಪುಡಿ ಹಾಕಿ ಉಜ್ಜಿದಾಗಲೆಲ್ಲ ಒಂದಿಷ್ಟು ಬೆಳ್ಳಿ ಬಟ್ಟೆಗೆ ಹೋಗುತ್ತದೆ. ಹೀಗೆ ತಲೆಮಾರುಗಟ್ಟಲೆ ಉಜ್ಜಿಸಿಕೊಂಡ ಚಮಚದಲ್ಲಿ ಉಬ್ಬಿ ನಿಂತ ಸಿಂಹದ ಮೈಯೂ ವರ್ಷದ ಅಕ್ಷರವೂ ಸವೆಯುತ್ತವೆ. ಆ ಅಕ್ಷರ ಓದಲಾಗದಷ್ಟು ಸವೆದರೆ ಚಮಚ ಯಾವ ವರ್ಷದ್ದೆಂದು ಹೇಳುವುದೇ ಕಷ್ಟ.

ಆದ್ದರಿಂದ ಹಳೆಯ ಬೆಳ್ಳಿ ಸಿಕ್ಕಿದರೆ ಮೊದಲು ಮುದ್ರೆಗಳ ಫೋಟೋ ತೆಗೆದುಕೊಳ್ಳಿ. ತೊಳೆಯಲು ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು, ಒರೆಸಲು ಮೆತ್ತನೆಯ ಹತ್ತಿ ಬಟ್ಟೆ ಸಾಕು. ಚಮಚಗಳನ್ನು ಕಟ್ಟಿಡಲು ರಬ್ಬರ್ ಬ್ಯಾಂಡ್ ಮಾತ್ರ ಬೇಡ, ಅದರಲ್ಲಿ ಗಂಧಕ ಇರುತ್ತದೆ. ಸುತ್ತಿದ ಜಾಗದಲ್ಲಿ ಕಪ್ಪು ಗೆರೆ ಮೂಡಿ, ಅದನ್ನು ತೆಗೆಯಲು ಮತ್ತೆ ಉಜ್ಜಬೇಕಾಗುತ್ತದೆ.