ಫೋರ್ಕಿಗೆ ಯಾವ ಕೀಲೆಣ್ಣೆ?



ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಕೌಂಟಿಯಲ್ಲಿ 'ರೀಪ್ಯಾಕ್' ಎಂಬ ಕಡಿದಾದ ಮಣ್ಣಿನ ದಾರಿಯೊಂದಿದೆ. 1976ರಲ್ಲಿ ಕೆಲವು ಯುವಕರು ದಪ್ಪ ಟಯರಿನ ಹಳೆಯ ಸೈಕಲ್ಲುಗಳನ್ನೇರಿ ಅಲ್ಲಿ ಇಳಿಜಾರಿನ ಪಂದ್ಯ ಆರಂಭಿಸಿದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಹಿಂಚಕ್ರದ ಹಬ್ ಒಳಗೇ ಇತ್ತು. ಕೆಳಗಿಳಿಯುವಷ್ಟರಲ್ಲಿ ಅದು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸು ತುಂಬಬೇಕು. ಆ ತುಂಬುವ ಕೆಲಸದಿಂದಲೇ ದಾರಿಗೆ ಆ ಹೆಸರು ಬಂತು.

ಆಗ ಮುಂಚಕ್ರವನ್ನು ಹಿಡಿದ ಫೋರ್ಕು ಬರಿಯ ಉಕ್ಕಿನ ಕವಲು. ಕಲ್ಲಿನ ಪೆಟ್ಟೆಲ್ಲ ನೇರವಾಗಿ ಕೈಗೇ. 1989ರಲ್ಲಿ ಪಾಲ್ ಟರ್ನರ್ ರೂಪಿಸಿದ ರಾಕ್‌ಶಾಕ್ಸ್ ಫೋರ್ಕು ಮಾರುಕಟ್ಟೆಗೆ ಬಂತು. 1990ರಲ್ಲಿ ಕೊಲರಾಡೋದ ಡ್ಯುರಾಂಗೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗ್ರೆಗ್ ಹರ್ಬೋಲ್ಡ್ ಇಳಿಜಾರಿನ ಓಟ ಗೆದ್ದದ್ದು ಅಂಥ ಫೋರ್ಕಿನಿಂದ. ಇಂದು ನಮ್ಮ ಪೇಟೆಗಳಲ್ಲೂ ಇಂಥ ಸೈಕಲ್ಲುಗಳಿವೆ. ಅವುಗಳ ಒಡೆಯರು ಕೇಳುವ ಪ್ರಶ್ನೆ ಒಂದೇ: "ಇದಕ್ಕೆ ಯಾವ ಎಣ್ಣೆ ಹಾಕಬೇಕು?"

ಒಂದೇ ಎಣ್ಣೆ ಸಾಲದು ಎಂಬುದೇ ಉತ್ತರ. ಫೋರ್ಕಿನ ಒಳಗೆ ನಡೆಯುವ ಕೆಲಸಗಳೇ ಬೇರೆ ಬೇರೆ.

ಬರಿಯ ಸ್ಪ್ರಿಂಗ್ ಇದ್ದರೆ ಕುಗ್ಗಿದ ಫೋರ್ಕು ಚಿಮ್ಮಿ ಸವಾರನನ್ನೇ ಎತ್ತಿ ಒಗೆದೀತು. ಆದ್ದರಿಂದ ಒಂದು ಕಾಲಿನೊಳಗೆ ಡ್ಯಾಂಪರ್ ಇರುತ್ತದೆ. ಅಲ್ಲಿ ಎಣ್ಣೆ ಕಿರಿದಾದ ರಂಧ್ರಗಳ ಮೂಲಕ ನುಸುಳುವಾಗ ಚಲನೆಯ ಶಕ್ತಿ ಶಾಖವಾಗುತ್ತದೆ. ಇಲ್ಲಿ ಎಣ್ಣೆಯ ಮುಖ್ಯ ಕೆಲಸ ಜಾರಿಸುವುದಲ್ಲ, ತಡೆಯುವುದು! (ನಮ್ಮ ಕ್ಯಾಮೆರಾ ಸ್ಟ್ಯಾಂಡಿನ ತಲೆಯೊಳಗೂ ಇಂಥದೇ ಗಟ್ಟಿ ದ್ರವವಿರುತ್ತದೆ, ತೆರೆಯ ಮೇಲೆ ದೃಶ್ಯ ನಯವಾಗಿ ಹೊರಳುವುದು ಅದರಿಂದ.) ಎಣ್ಣೆ ತೆಳುವಾದರೆ ಫೋರ್ಕು ಒದೆಯುತ್ತದೆ. ಮಂದವಾದರೆ ಒಂದು ಪೆಟ್ಟಿನಿಂದ ಚೇತರಿಸಿಕೊಳ್ಳುವ ಮೊದಲೇ ಮುಂದಿನ ಪೆಟ್ಟು ಬೀಳುತ್ತದೆ. ಡಬ್ಬಿಯ ಮೇಲೆ '5 ವೆಯ್ಟ್', '10 ವೆಯ್ಟ್' ಎಂದಿರುವುದನ್ನು ಮಾತ್ರ ನಂಬಬೇಡಿ. ಎಲ್ಲ ತಯಾರಕರ 5 ಒಂದೇ ಅಲ್ಲ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಸೆಂಟಿಸ್ಟೋಕ್ಸ್ ಎಂದು ನೋಡಿ. ಸ್ನಿಗ್ಧತೆಯ ನಿಜವಾದ ಅಳತೆ ಅದು. ಚಳಿಗೆ ಎಣ್ಣೆ ಮಂದವಾಗುವುದನ್ನು ಮನೆಯ ಕೊಬ್ಬರಿ ಎಣ್ಣೆಯ ಸೀಸೆಯಲ್ಲೇ ಕಂಡಿದ್ದೀರಿ. ಒಳ್ಳೆಯ ಡ್ಯಾಂಪರ್ ಎಣ್ಣೆ ಹಾಗೆ ಹೆಚ್ಚು ಬದಲಾಗಬಾರದು.

ಕೆಳಗಿನ ದಪ್ಪ ಕೊಳವೆಗಳ ವಿಷಯ ಬೇರೆ. ಮೇಲಿನ ಕೊಳವೆ ಜಾರುವ ಬುಷ್‌ಗಳು ಅಲ್ಲಿವೆ. ಸ್ಥಾಯೀ ಘರ್ಷಣೆ ಚಲನ ಘರ್ಷಣೆಗಿಂತ ಹೆಚ್ಚು ಎಂದು ಓದಿದ್ದೀರಷ್ಟೆ. ಸಣ್ಣ ಕಲ್ಲಿನ ಪೆಟ್ಟು ಆ ಮೊದಲ ಹಿಡಿತವನ್ನು ಮುರಿಯಲಾರದಿದ್ದರೆ ಫೋರ್ಕು ಅಲುಗುವುದಿಲ್ಲ, ಚಕ್ರ ನೆಲ ಬಿಟ್ಟು ಹಾರುತ್ತದೆ. ತಿರುವಿನಲ್ಲಿ ಹಾಗಾದರೆ ಸವಾರ ಬಿದ್ದಂತೆಯೇ. ಇಲ್ಲಿ ಬೇಕಾದದ್ದು ಲೋಹಕ್ಕೆ ಅಂಟಿಕೊಳ್ಳುವ ಎಣ್ಣೆ, ಅದೂ ಕೆಲವೇ ಮಿಲಿಲೀಟರು. ಧಾರಾಳವಾಗಿ ಸುರಿದರೆ ಒಳಗಿನ ಗಾಳಿಗೆ ಜಾಗ ಸಾಲದೆ ಫೋರ್ಕು ಪೂರ್ತಿ ಕುಗ್ಗುವುದೇ ಇಲ್ಲ. ಈ ಎಣ್ಣೆಯನ್ನು 50 ಗಂಟೆಗಳ ಸವಾರಿಗೊಮ್ಮೆ ಬದಲಿಸಲು ಹೇಳುವ ತಯಾರಕರಿದ್ದಾರೆ.

ಇನ್ನು ಸೀಲುಗಳು. ನೈಟ್ರೈಲ್ ರಬ್ಬರು ಖನಿಜ ತೈಲವನ್ನು ತಾಳಿಕೊಳ್ಳುತ್ತದೆ, ಕಾರಿನ ಬ್ರೇಕ್ ದ್ರವದಲ್ಲಿ ಉಬ್ಬಿಹೋಗುತ್ತದೆ. ಇಪಿಡಿಎಂ ರಬ್ಬರಿನ ಗುಣ ಇದಕ್ಕೆ ತೀರ ವಿರುದ್ಧ. ಹಾಗಾಗಿ ಗ್ಯಾರೇಜಿನಲ್ಲಿ ಸಿಕ್ಕಿದ ಗ್ರೀಸನ್ನು ಬಳಿಯದೆ, ಫೋರ್ಕಿನ ಸೀಲಿಗೆಂದೇ ಮಾಡಿದ ಗ್ರೀಸನ್ನು ತೆಳುವಾಗಿ ಹಚ್ಚಿ.

ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು ಸ್ಪ್ರೇ ಡಬ್ಬಿಯದು. ಡಬ್ಲ್ಯುಡಿ-40 ಹುಟ್ಟಿದ್ದು 1953ರಲ್ಲಿ, ಸ್ಯಾನ್ ಡಿಯಾಗೋದಲ್ಲಿ. ನೀರನ್ನು ಹೊರದೂಡುವ ದ್ರವಕ್ಕಾಗಿ ನಡೆದ 40ನೆಯ ಪ್ರಯತ್ನ ಎಂಬುದು ಹೆಸರಿನ ಅರ್ಥ. ಅಟ್ಲಾಸ್ ಕ್ಷಿಪಣಿಗೆ ತುಕ್ಕು ಹಿಡಿಯದಂತೆ ಅದನ್ನು ಬಳಸಿದರು. ಆ ಕೆಲಸಕ್ಕೆ ಅದು ಬಲು ಸೊಗಸು. ಫೋರ್ಕಿನ ಸೀಲಿಗೆ ಹೊಡೆದರೆ ಒಂದು ದಿನ ನಯವಾಗಿ ಕಂಡೀತು. ಆದರೆ ಒಳಗಿದ್ದ ಗ್ರೀಸನ್ನು ಅದು ತೊಳೆದುಹಾಕುತ್ತದೆ, ಆಮೇಲೆ ಧೂಳು ಒಳಗಿಳಿಯುತ್ತದೆ.

ಕೈಹಾಕುವ ಮುನ್ನ ನಿಮ್ಮ ಫೋರ್ಕಿನ ಕೈಪಿಡಿಯಲ್ಲಿ ಎಣ್ಣೆಯ ಬಗೆ, ಪ್ರಮಾಣ ಎರಡನ್ನೂ ನೋಡಿ. ಗಾಳಿಯ ಸ್ಪ್ರಿಂಗ್ ಇದ್ದರೆ ಮೊದಲು ಗಾಳಿಯನ್ನು ಪೂರ್ತಿ ಬಿಡಿ. ಮುಂಚಕ್ರವನ್ನು ಬಿಚ್ಚಿ ದೂರವಿಡಿ, ಬ್ರೇಕಿನ ಬಿಲ್ಲೆಗೆ ಬಟ್ಟೆ ಸುತ್ತಿ. ಬಿಲ್ಲೆಗೋ ಪ್ಯಾಡಿಗೋ ಎಣ್ಣೆ ತಗುಲಿದರೆ ಮುಂದಿನ ಇಳಿಜಾರಿನಲ್ಲಿ ಬ್ರೇಕು ಹಿಡಿಯುವುದಿಲ್ಲ.