ಚೆಂಡಿನ ಒಳಗಿನ ಲೆಕ್ಕ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ನನಗೆ ‘ಗಣಿತ ಮತ್ತು ಜೀವನ’ ಎಂಬ ವಿಷಯ ಕೊಟ್ಟಿದ್ದಾರೆ. ಸಮಯ ಹದಿನೈದು ನಿಮಿಷ. ಅಷ್ಟರಲ್ಲಿ ಜೀವನ ಮುಗಿಯುವ ಹಾಗಿಲ್ಲ. ಆದ್ದರಿಂದ ಒಂದು ಚೆಂಡಿನ ವಿಷಯ ಮಾತ್ರ ಮಾತನಾಡುತ್ತೇನೆ. ಮಧ್ಯಕ್ಕೆ ಕೊಯ್ದ ಒಂದು ಗಾಲ್ಫ್ ಚೆಂಡನ್ನು ತಂದಿದ್ದೇನೆ. ಮಕ್ಕಳು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾ ನೋಡಲಿ. ಮಾವಿನ ಹಣ್ಣಿನಲ್ಲಿ ಸಿಪ್ಪೆ, ತಿರುಳು, ಗೊರಟು ಇರುವ ಹಾಗೆ ಇದರಲ್ಲಿಯೂ ಪದರಗಳಿವೆ: ಹೊರಗೆ ತೆಳ್ಳಗಿನ ಹೊದಿಕೆ, ಅದರ ಕೆಳಗೆ ಗಟ್ಟಿಯಾದ ಇನ್ನೊಂದು ಪದರ, ಒಳಗೆ ರಬ್ಬರಿನ ತಿರುಳು.

ನಾನು ಗಾಲ್ಫ್ ಆಡಿದವನಲ್ಲ. ಈ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ, ಮುಂದೆ ಅಚ್ಚು ತಯಾರಿಕೆಯ ಕೆಲಸ ಕಲಿತು, ಬೆಂಗಳೂರಿನಲ್ಲಿ ರಬ್ಬರ್ ಬಿಡಿಭಾಗಗಳ ಅಚ್ಚು ಮಾಡುತ್ತಾ ಬಂದವನು. ವಾಹನಗಳ ಬುಷ್, ಸೀಲ್, ಇಂಥವು. ಪದರದ ಮೇಲೆ ಪದರ ಕೂರಿಸುವುದೇ ನನ್ನ ಅನ್ನ. ಆದ್ದರಿಂದ ಈ ಚೆಂಡನ್ನು ನೋಡಿದಾಗ ನನಗೆ ಆಟಕ್ಕಿಂತ ಮೊದಲು ಅಳತೆ ಕಾಣಿಸುತ್ತದೆ.

ಗಾಲ್ಫ್ ನಮಗೆ ದೂರದ ಆಟ ನಿಜ. ಆದರೂ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾದದ್ದು 1876ರಲ್ಲಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನ ಪಡೆದರು. ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ಕೈತಪ್ಪಿತು.

ಆದರೆ ಚೆಂಡಿನ ಒಳಗಿರುವ ವಸ್ತು ನಮಗೆ ದೂರದ್ದಲ್ಲ. 1964ರ ಭಾರತ-ಶ್ರೀಲಂಕಾ ಒಪ್ಪಂದದ ನಂತರ ಅಲ್ಲಿಂದ ಬಂದ ತಮಿಳು ಕುಟುಂಬಗಳ ಪುನರ್ವಸತಿಗಾಗಿ ಸುಳ್ಯ, ಪುತ್ತೂರು ಕಡೆ ಸರಕಾರ ರಬ್ಬರ್ ತೋಟ ಎಬ್ಬಿಸಿತು. ಈಗ ಖಾಸಗಿ ಗುಡ್ಡೆಗಳಲ್ಲಿಯೂ ರಬ್ಬರ್ ಇದೆ. ಮರದ ಗೀರಿನಲ್ಲಿ ಒಣಗಿ ಉಳಿಯುವ ಉದ್ದನೆಯ ಎಳೆಯನ್ನು ಕಿತ್ತು, ಎಳೆದೆಳೆದು ಸುತ್ತಿ ಚೆಂಡು ಮಾಡುವುದು ರಬ್ಬರ್ ತೋಟದ ಮಕ್ಕಳಿಗೆ ಗೊತ್ತು. ಆ ಚೆಂಡು ಅಂಗಡಿಯ ಚೆಂಡಿಗಿಂತ ಎತ್ತರ ನೆಗೆಯುತ್ತದೆ.

1898ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಕೋಬರ್ನ್ ಹಾಸ್ಕೆಲ್ ಎಂಬವರು ಮಾಡಿದ್ದೂ ಇದೇ ಕೆಲಸ. ಆ ಕಾಲದಲ್ಲಿ ಗಾಲ್ಫ್ ಚೆಂಡನ್ನು ಗಟ್ಟಾಪರ್ಚಾ ಎಂಬ ಮರದ ಹಾಲಿನಿಂದ, ಒಂದೇ ಗಟ್ಟಿ ಉಂಡೆಯಾಗಿ ಮಾಡುತ್ತಿದ್ದರು. ಹಾಸ್ಕೆಲ್ ರಬ್ಬರ್ ದಾರವನ್ನು ಬಿಗಿಯಾಗಿ ಎಳೆದು ಸುತ್ತಿ, ಮೇಲೆ ಹೊದಿಕೆ ಹಾಕಿದರು. ಮರುವರ್ಷ ಅದಕ್ಕೆ ಪೇಟೆಂಟ್ ಸಿಕ್ಕಿತು. ಅಲ್ಲಿಂದ ಸುಮಾರು ಮುಕ್ಕಾಲು ಶತಮಾನ ಗಾಲ್ಫ್ ಲೋಕವನ್ನು ಆಳಿದ್ದು ಸುತ್ತಿದ ಚೆಂಡೇ.

ಇಲ್ಲಿ ಮೊದಲನೆಯ ಪಾಠ ಇದೆ. ಎಳೆದು ಬಿಗಿ ಮಾಡಿದ ದಾರ ಗೋಳದ ಮೇಲೆ ಎಲ್ಲಿ ನಿಲ್ಲುತ್ತದೆ? ತುದಿಯ ಹತ್ತಿರ ಸಣ್ಣ ವೃತ್ತವಾಗಿ ಸುತ್ತಿದರೆ ಜಾರಿ ಹೋಗುತ್ತದೆ. ನಡುವೆ, ಗೋಳವನ್ನು ಸರಿಯಾಗಿ ಎರಡು ಭಾಗ ಮಾಡುವ ದೊಡ್ಡ ವೃತ್ತದಲ್ಲಿ ಮಾತ್ರ ನಿಲ್ಲುತ್ತದೆ. ಗಣಿತದಲ್ಲಿ ಅದಕ್ಕೆ ಮಹಾವೃತ್ತ ಎನ್ನುತ್ತಾರೆ. ಒಂದೇ ಮಹಾವೃತ್ತದ ಮೇಲೆ ಸುತ್ತುತ್ತಾ ಹೋದರೆ ಚೆಂಡು ಸಿಹಿಗುಂಬಳದ ಹಾಗೆ ಚಪ್ಪಟೆಯಾಗುತ್ತದೆ. ಆದ್ದರಿಂದ ಪ್ರತಿ ಸುತ್ತಿಗೂ ಚೆಂಡನ್ನು ಸ್ವಲ್ಪ ತಿರುಗಿಸಬೇಕು. ಪುಸ್ತಕ ತೆರೆಯುವ ಮೊದಲೇ ಮಕ್ಕಳ ಕೈಗೆ ಇದು ಗೊತ್ತಿರುತ್ತದೆ. ಕೈಗೆ ಗೊತ್ತಿರುವುದಕ್ಕೆ ಹೆಸರು ಕೊಡುವುದು ಶಾಲೆಯ ಕೆಲಸ.

ಇನ್ನು ಪದರಗಳ ಲೆಕ್ಕ. ನಿಯಮದ ಪ್ರಕಾರ ಗಾಲ್ಫ್ ಚೆಂಡಿನ ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದು; ತೂಕ 45.93 ಗ್ರಾಮಿಗಿಂತ ಹೆಚ್ಚಿರಬಾರದು. ಮಕ್ಕಳೇ, ಗೋಳದ ಘನಫಲದ ಸೂತ್ರ ಏನು? ಮೂರನೆಯ ನಾಲ್ಕು ಪೈ ಆರ್ ಘನ. ಹಾಕಿ ನೋಡಿ: ಸುಮಾರು 40.7 ಘನ ಸೆಂಟಿಮೀಟರ್ ಬರುತ್ತದೆ. ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಸುಮಾರು 1.13. ಅಂದರೆ ಪೂರ್ತಿ ತೂಕದ ಚೆಂಡು ನೀರಿನಲ್ಲಿ ಮುಳುಗುತ್ತದೆ. ಆದರೆ ಬರೀ ರಬ್ಬರ್ ನೀರಿಗಿಂತ ಹಗುರ. ಹಾಗಾದರೆ ಉಳಿದ ತೂಕ ಎಲ್ಲಿಂದ ಬಂತು? ರಬ್ಬರಿಗೆ ಸತುವಿನ ಆಕ್ಸೈಡಿನಂತಹ ಭಾರದ ಪುಡಿ ಬೆರೆಸುತ್ತಾರೆ. ಆ ಭಾರವನ್ನು ಯಾವ ಪದರದಲ್ಲಿ ಇಡಬೇಕು ಎಂಬುದೇ ವಿನ್ಯಾಸಕಾರನ ಮುಂದಿರುವ ಪ್ರಶ್ನೆ.

ಈಗ ಒಂದು ಪ್ರಶ್ನೆ ಕೇಳುತ್ತೇನೆ, ಹಿರಿಯರೂ ಉತ್ತರಿಸಬಹುದು. ಚೆಂಡಿನ ತ್ರಿಜ್ಯ 21.3 ಮಿಲಿಮೀಟರ್ ಎಂದು ಇಟ್ಟುಕೊಳ್ಳಿ. ಹೊರಗಿನ ಒಂದೇ ಒಂದು ಮಿಲಿಮೀಟರ್ ದಪ್ಪದ ಸಿಪ್ಪೆಯಲ್ಲಿ ಹೆಚ್ಚು ವಸ್ತು ಇದೆಯೋ, ಅಥವಾ ಒಳಗೆ ಅರ್ಧ ತ್ರಿಜ್ಯದವರೆಗಿನ ಉಂಡೆಯಲ್ಲಿ ಹೆಚ್ಚು ಇದೆಯೋ? ಒಳಗಿನ ಉಂಡೆಯಲ್ಲೇ ಹೆಚ್ಚು ಎಂದು ಕಣ್ಣು ಹೇಳುತ್ತದೆ. ಲೆಕ್ಕ ಬೇರೆ ಹೇಳುತ್ತದೆ. ಅರ್ಧದ ಘನ ಎಂಟನೆಯ ಒಂದು. ಒಳಗಿನ ಉಂಡೆಯ ಪಾಲು ನೂರಕ್ಕೆ 12.5. ಹೊರಗಿನ ಸಿಪ್ಪೆಯ ಪಾಲು ನೂರಕ್ಕೆ ಸುಮಾರು 13.4. ಬೆರಳ ಉಗುರಿನ ಹಾಗೆ ತೆಳ್ಳಗೆ ಕಾಣುವ ಸಿಪ್ಪೆಯೇ ಗೆದ್ದಿತು!

ತಿರುಗುವ ವಿಷಯಕ್ಕೆ ಬಂದರೆ ವ್ಯತ್ಯಾಸ ಇನ್ನೂ ಹೆಚ್ಚು. ಮುಖ್ಯೋಪಾಧ್ಯಾಯರು ಕೋಣೆಯಲ್ಲಿ ಇಲ್ಲದಾಗ ಅವರ ತಿರುಗುವ ಕುರ್ಚಿಯಲ್ಲಿ ಕುಳಿತವರಿಗೆ ಗೊತ್ತಿರಬಹುದು: ಕೈ ಚಾಚಿದರೆ ತಿರುಗುವ ವೇಗ ಕಡಿಮೆಯಾಗುತ್ತದೆ, ಕೈ ಒಳಗೆಳೆದರೆ ಹೆಚ್ಚುತ್ತದೆ. ಭಾರ ನಡುವಿನಿಂದ ದೂರ ಇದ್ದಷ್ಟೂ ತಿರುಗಿಸುವುದು ಕಷ್ಟ. ಎಲ್ಲ ಕಡೆ ಒಂದೇ ವಸ್ತುವಿನ ಚೆಂಡಿನಲ್ಲಿ ಈ ತಡೆ ತ್ರಿಜ್ಯದ ಐದನೇ ಘಾತದಂತೆ ಬೆಳೆಯುತ್ತದೆ. ಒಳಗಿನ ಅರ್ಧ ತ್ರಿಜ್ಯದ ಉಂಡೆಯ ಪಾಲು ಮೂವತ್ತೆರಡರಲ್ಲಿ ಒಂದು, ನೂರಕ್ಕೆ ಸುಮಾರು 3. ಹೊರಗಿನ ಮಿಲಿಮೀಟರಿನ ಪಾಲು ನೂರಕ್ಕೆ 21. ಭಾರದ ಪುಡಿಯನ್ನು ಹೊರಪದರದಲ್ಲಿ ಇಟ್ಟರೆ ಚೆಂಡು ನಿಧಾನವಾಗಿ ತಿರುಗಲು ತೊಡಗುತ್ತದೆ. ಒಳಗಿಟ್ಟರೆ ಬೇಗ ತಿರುಗುತ್ತದೆ. ತೂಕ ಅದೇ, ಗಾತ್ರ ಅದೇ, ನಡತೆ ಬೇರೆ.

ಇಷ್ಟು ಪದರ ಯಾಕೆ ಎಂದು ಕೇಳಬಹುದು. ಕೋಲು ಚೆಂಡಿಗೆ ತಾಗಿರುವ ಹೊತ್ತು ಒಂದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲಿ ಒಂದು ಭಾಗ. ಜೋರಾಗಿ ಹೊಡೆದಾಗ ಒತ್ತಡ ತಿರುಳಿನ ತನಕ ಹೋಗುತ್ತದೆ. ಚೆಂಡು ಕಡಿಮೆ ತಿರುಗಿ ದೂರ ಹೋಗಬೇಕು. ಗುಳಿಯ ಹತ್ತಿರದಿಂದ ಮೆಲ್ಲಗೆ ಹೊಡೆದಾಗ ಹೊರಗಿನ ಮೆತ್ತನೆಯ ಹೊದಿಕೆ ಮಾತ್ರ ಕೆಲಸ ಮಾಡುತ್ತದೆ. ಆಗ ಚೆಂಡು ಚೆನ್ನಾಗಿ ತಿರುಗಿ ಬೇಗ ನಿಲ್ಲಬೇಕು. ಎರಡು ವಿರುದ್ಧ ಬೇಡಿಕೆಗಳನ್ನು ಒಂದೇ ವಸ್ತು ಪೂರೈಸಲಾರದು. ಅದಕ್ಕೇ ಪದರಗಳು.

ಪದರ ಕೂರಿಸುವಾಗ ತಿರುಳು ನಟ್ಟನಡುವೆ ಇರಬೇಕು. ಒಂದು ಮಿಲಿಮೀಟರ್ ದಪ್ಪದ ಹೊದಿಕೆ ಹಾಕುವಾಗ ತಿರುಳು ಅರ್ಧ ಮಿಲಿಮೀಟರ್ ಸರಿದರೆ, ಒಂದು ಬದಿ ಅರ್ಧ, ಇನ್ನೊಂದು ಬದಿ ಒಂದೂವರೆ. ಅಂದರೆ ಮೂರು ಪಟ್ಟು ವ್ಯತ್ಯಾಸ. ಆದ್ದರಿಂದ ಅಚ್ಚಿನೊಳಗೆ ತಿರುಳನ್ನು ಸಣ್ಣ ಪಿನ್ನುಗಳಿಂದ ಹಿಡಿದು, ಹೊದಿಕೆಯ ವಸ್ತು ತುಂಬಿ ಬರುವಾಗ ಪಿನ್ನುಗಳನ್ನು ಹಿಂದಕ್ಕೆ ಎಳೆಯುವ ವಿಧಾನ ಇದೆ.

ಗೋಳದ ಮೇಲೆ ಏನನ್ನಾದರೂ ಸಮವಾಗಿ ಹಂಚುವುದು ಹೇಗೆ? ಒಂದು ಚಕ್ಕೋತ ಹಣ್ಣಿಗೆ ಮೂರು ರಬ್ಬರ್ ಬ್ಯಾಂಡ್‌ಗಳನ್ನು ಒಂದಕ್ಕೊಂದು ಲಂಬವಾಗಿ ಹಾಕಿ. ಎಂಟು ತ್ರಿಕೋನ ಸಿಗುತ್ತವೆ. ಒಂದು ತ್ರಿಕೋನದ ಮೂರು ಕೋನಗಳನ್ನೂ ಅಳೆಯಿರಿ: ಮೂರೂ ತೊಂಬತ್ತು ಡಿಗ್ರಿ, ಒಟ್ಟು 270! ತ್ರಿಕೋನದ ಕೋನಗಳ ಮೊತ್ತ 180 ಎಂದು ಕಲಿಸಿದ್ದು ಸುಳ್ಳಲ್ಲ; ಅದು ಸಮತಟ್ಟಾದ ಕಾಗದದ ನಿಯಮ, ಚಕ್ಕೋತದ್ದಲ್ಲ. ಎಲ್ಲ ಮುಖಗಳೂ ಒಂದೇ ತೆರನಾಗಿರುವ ಸಮಘನಾಕೃತಿಗಳು ಐದೇ ಐದು ಎಂದು ಯೂಕ್ಲಿಡ್ ತನ್ನ ಗ್ರಂಥದ ಕೊನೆಯಲ್ಲಿ ತೋರಿಸಿದ್ದಾನೆ. ಇಪ್ಪತ್ತು ತ್ರಿಕೋನಗಳ ಆಕೃತಿಯನ್ನು ಗೋಳದ ಮೇಲೆ ಹರಡಿ ಚೆಂಡಿನ ಮೇಲ್ಮೈಯ ಗುಳಿಗಳನ್ನು ಹಂಚುವುದುಂಟು. ಒಳಪದರದ ಮೇಲೆ ಏಣುಗಳನ್ನು ಇಡುವ ವಿನ್ಯಾಸಗಳಿಗೂ ಪೇಟೆಂಟ್‌ಗಳಿವೆ. ಅಲ್ಲಿಯೂ ಇದೇ ಪ್ರಶ್ನೆ: ಯಾವ ದಿಕ್ಕಿಗೂ ಪಕ್ಷಪಾತ ಆಗಬಾರದು.

ಪಕ್ಷಪಾತ ಎಂದದ್ದು ತಮಾಷೆಗಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ ಪೊಲಾರಾ ಎಂಬ ಚೆಂಡು ಬಂತು. ಅದರ ಗುಳಿಗಳನ್ನು ಬೇಕೆಂದೇ ಅಸಮವಾಗಿ ಹಂಚಿದ್ದರು. ಸರಿಯಾದ ದಿಕ್ಕಿನಲ್ಲಿ ಇಟ್ಟು ಹೊಡೆದರೆ ಓರೆ ಹೊಡೆತವೂ ನೇರಕ್ಕೆ ತಿರುಗುತ್ತಿತ್ತು. ಆಮೇಲೆ ಚೆಂಡು ಎಲ್ಲ ದಿಕ್ಕಿನಲ್ಲಿಯೂ ಒಂದೇ ರೀತಿ ವರ್ತಿಸಬೇಕೆಂದು ನಿಯಮ ಬಂತು. ಸಮಮಿತಿ ಎಂಬುದು ಪುಸ್ತಕದಲ್ಲಿ ಒಂದು ಗೆರೆ. ಆಟದಲ್ಲಿ ಅದು ನ್ಯಾಯ.

ಚೆಂಡಿನ ಒಳಗು ಸರಿಯಿದೆಯೇ ಎಂದು ಕೊಯ್ಯದೆಯೇ ನೋಡಬಹುದು. ತೋಡಿನಲ್ಲಿ ತೇಲಿ ಬರುವ ತೆಂಗಿನಕಾಯಿಯ ಭಾರದ ಬದಿ ಕೆಳಗಿರುತ್ತದೆ. ಹಾಗೆಯೇ ಒಂದು ಲೀಟರ್ ನೀರಿಗೆ 300 ಗ್ರಾಮಿನಷ್ಟು ಉಪ್ಪು ಕರಗಿಸಿದರೆ ಗಾಲ್ಫ್ ಚೆಂಡು ತೇಲುತ್ತದೆ. ಮೇಲೆ ಕಾಣುವ ಭಾಗಕ್ಕೆ ಶಾಯಿಯಲ್ಲಿ ಗುರುತು ಹಾಕಿ, ಮತ್ತೆ ಮತ್ತೆ ತಿರುಗಿಸಿ ಬಿಡಿ. ಪ್ರತಿ ಸಲವೂ ಅದೇ ಗುರುತು ಮೇಲೆ ಬಂದರೆ ಒಳಗೆ ಭಾರ ನಡುವೆ ಇಲ್ಲ ಎಂದರ್ಥ.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣ ಇದೆ. ಇಂದಿನ ಗಾಲ್ಫ್ ಚೆಂಡಿನ ತಿರುಳು ನಮ್ಮ ಮರದ ರಬ್ಬರಲ್ಲ. ಪಾಲಿಬ್ಯುಟಡೈಈನ್ ಎಂಬ ಕೃತಕ ರಬ್ಬರ್. ಒಂದು ಕಾಲದಲ್ಲಿ ಮರದ ಹಾಲಿನಿಂದ ಆಗುತ್ತಿದ್ದ ಚೆಂಡು ಮರವನ್ನೇ ಬಿಟ್ಟು ಹೋಯಿತು. ವಸ್ತು ಬದಲಾಯಿತು, ಲೆಕ್ಕ ಬದಲಾಗಲಿಲ್ಲ. ನಮ್ಮಲ್ಲಿ ಶೀಟಿನ ಧಾರಣೆ ಏರಿದರೆ ಸಂತೋಷ, ಇಳಿದರೆ ಚಿಂತೆ. ಧಾರಣೆ ನಮ್ಮ ಕೈಯಲ್ಲಿಲ್ಲ. ಆದರೆ ಶೀಟು ಮಾರುವ ಊರಿನ ಮಕ್ಕಳು ಶೀಟಿನಿಂದ ಮುಂದೆ ಏನಾಗುತ್ತದೆ ಎಂದು ಅಳೆಯಲು ಕಲಿಯುವುದು ನಮ್ಮ ಕೈಯಲ್ಲಿದೆ.

ಹತ್ತನೇ ತರಗತಿಯಲ್ಲಿ ಗಣಿತ ಕಷ್ಟವೆಂದು ಬೇರೆ ದಾರಿ ಹಿಡಿಯುವ ಮಕ್ಕಳಲ್ಲಿ ಹಲವರ ಕೈ ಬಹಳ ಜಾಣ ಇರುತ್ತದೆ. ಅಡಿಕೆ ಸುಲಿಯುವ, ರಬ್ಬರ್ ಮರಕ್ಕೆ ಹದವಾಗಿ ಗೀರು ಹಾಕುವ ಕೈ ಅದು. ಮರಕ್ಕೆ ಗಾಯವಾಗದ ಹಾಗೆ, ಹಾಲು ನಿಲ್ಲದ ಹಾಗೆ ತೊಗಟೆ ಕೊಯ್ಯುವವನಿಗೆ ಮಿಲಿಮೀಟರ್ ಎಂದರೇನೆಂದು ಯಾರೂ ಹೇಳಬೇಕಾಗಿಲ್ಲ. ಅವನಿಗೆ ‘ಆರ್ ಘನ’ ಅರ್ಥವಾಗುವುದಿಲ್ಲ ಎಂದು ನಾನು ನಂಬುವುದಿಲ್ಲ. ಅವನ ಕೈಗೆ ಗೋಳ ಕೊಡದೆ ಸೂತ್ರ ಮಾತ್ರ ಕೊಟ್ಟರೆ ಅವನು ಎದ್ದು ಹೋಗುತ್ತಾನೆ.

ಹಳೆ ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಐವತ್ತರ ನೆನಪಿಗೆ ಕಮಾನು ಕಟ್ಟುವ ಮಾತು ಕೇಳಿಬರುತ್ತಿದೆ. ಕಟ್ಟೋಣ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಒಂದು ಅಳತೆಯ ಕೋಣೆಯೂ ಆಗಲಿ. ವರ್ನಿಯರ್ ಕ್ಯಾಲಿಪರ್ಸ್, ಮೈಕ್ರೋಮೀಟರ್, ಒಳ್ಳೆಯ ತಕ್ಕಡಿ, ಕೊಯ್ದ ಚೆಂಡುಗಳು, ಉಪ್ಪು ನೀರಿನ ಒಂದು ಬಕೆಟ್. ಮಕ್ಕಳು ಮುಟ್ಟಿ ಹಾಳು ಮಾಡಿದರೂ ಪರವಾಗಿಲ್ಲ ಎನ್ನುವ ಉಪಕರಣಗಳು. ಬೀರುವಿನಲ್ಲಿ ಬೀಗ ಹಾಕಿಡುವಂಥವಲ್ಲ. ನನ್ನ ಪಾಲಿನ ಐದು ಕ್ಯಾಲಿಪರ್ಸ್ ಮತ್ತು ಒಂದು ತಕ್ಕಡಿಯನ್ನು ಇಂದೇ ಮುಖ್ಯೋಪಾಧ್ಯಾಯರಿಗೆ ಒಪ್ಪಿಸುತ್ತಿದ್ದೇನೆ. ಉಳಿದದ್ದನ್ನು ನೀವು ತುಂಬಿಸಿಕೊಡಬೇಕು.

ಹದಿನೈದು ನಿಮಿಷ ದಾಟಿತೆಂದು ಕಾರ್ಯದರ್ಶಿಯವರು ಗಡಿಯಾರ ತೋರಿಸುತ್ತಿದ್ದಾರೆ.